ಫಿಜಿ ತಾತನ ಚಪ್ಪಾಳೆ

ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರನ್ನು ಕೇರಿಯವರು ಫಿಜಿ ತಾತ ಎನ್ನುತ್ತಿದ್ದರು. ಯೌವನದಲ್ಲಿ ಬ್ರಿಟಿಷರು ಅವರನ್ನು ಆ ದ್ವೀಪದ ಕಬ್ಬಿನ ತೋಟಕ್ಕೆ ಕೂಲಿಯಾಗಿ ಒಯ್ದಿದ್ದರಂತೆ. ಯಾರು ಏನೇ ಕುಡಿಯಲು ಕೊಟ್ಟರೂ ತಾತ ಅಂಗೈ ಗುಳಿಮಾಡಿ ಒಮ್ಮೆ ಚಪ್ಪಾಳೆ ತಟ್ಟಿಯೇ ಲೋಟ ಹಿಡಿಯುತ್ತಿದ್ದರು.

“ಚಾಟಿ ಏಟು ತಡೀಲಾರದೆ ತೋಟದಿಂದ ಓಡಿದ್ದೆ. ಆ ನೆಲದ ಜನ ನನ್ನ ಬಚ್ಚಿಟ್ಟು, ಕುಡಿಯಾಕ ಬಟ್ಟಲು ಕೊಟ್ರು. ಇದು ಅವರ ಪದ್ಧತಿ ಐತವ್ವ. ಕೊಟ್ಟೋರಿಗೆ ಮರ್ಯಾದೆ” ಎನ್ನುತ್ತಿದ್ದರು.

ಮೊಮ್ಮಗಳನ್ನು ನೋಡಲು ದಾವಣಗೆರೆಯಿಂದ ಗಂಡಿನವರು ಬರುವ ದಿನ ಸೊಸೆ ನನ್ನೆದುರೇ ಬೇಡಿಕೊಂಡಳು: “ಮಾವನೋರೆ, ಇವತ್ತೊಂದಿನ ಚಪ್ಪಾಳೆ ಬ್ಯಾಡ್ರಿ. ಸಮುದ್ರ ದಾಟಿದ್ದು ಗೊತ್ತಾದ್ರೆ ಎದ್ದು ಹೋಗ್ತಾರೆ.”

ತಾತ ಒಪ್ಪಿದರು. ಕಾಫಿ ಬಂದಾಗ ಗಂಡಿನ ತಂದೆ, “ತಗೊಳ್ರಿ ಯಜಮಾನ್ರೆ” ಎಂದರು. ತಾತ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ನಕ್ಕರು.

ಮದುವೆ ಗೊತ್ತಾಯಿತು. ಬೀಗರು ಹೊರಟಾಗ ತಾತನ ಮುಂದಿನ ಲೋಟದಲ್ಲಿ ಕೆನೆ ಕಟ್ಟಿತ್ತು.