ಮಾಸು ಕೇಳಿಕೊಂಡು ಬಂದ ಹುಡುಗಿ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ಮೊಮ್ಮಗ ಹುಟ್ಟಿದ. ಮೊದಲ ಎರಡು ಹೊಟ್ಟೆಯಲ್ಲೇ ಹೋಗಿ, ಮೂರನೆಯದಾಗಿ ಉಳಿದವನು. ಬಾಗಿಲಾಚೆಯಿಂದ ಅವನ ಅಳು ಕೇಳಿದ್ದೇ, ಗುರುತಿಲ್ಲದ ವಾಚ್‌ಮನ್ನನ ಎರಡೂ ಕೈ ಹಿಡಿದುಕೊಂಡು ನಾನೂ ಅತ್ತುಬಿಟ್ಟೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳು. ಈಗ ನಾನು ಹೇಳುವುದನ್ನು ಕನ್ನಡದಲ್ಲಿ ಬರೆಯುತ್ತಿರುವವಳು ಕೊಳ್ಳೇಗಾಲದಿಂದ ಬಂದ ನನ್ನ ಸೊಸೆ ಸುಧಾ, ಆ ಮಗುವಿನ ತಾಯಿ.

ಆ ಸಂತೋಷದ ನಡುವೆ ಬಿಳಿ ಕೋಟಿನ ಒಬ್ಬ ಹುಡುಗಿ ಐಸ್ ಪೆಟ್ಟಿಗೆ ಹಿಡಿದು ಬಂದಳು. "ಪಾಟಿ, ನಿಮ್ಮ ಸೊಸೆಯ ಮಾಸಿನಲ್ಲಿ ಒಂದು ಚೂರು ಬೇಕು. ಅವರು ಒಪ್ಪಿದ್ದಾರೆ," ಎಂದು ತಮಿಳಿನಲ್ಲಿ ನಗುತ್ತಾ ಹೇಳಿದಳು; ಪಾಟಿ ಎಂದರೆ ಅಜ್ಜಿ.

ಮಗುವಿನ ಹಿಂದೆ ಬರುವ ಮಾಸನ್ನು ನಮ್ಮ ಮನೆಯಲ್ಲಿ ಅರಿಶಿನ, ಉಪ್ಪು ಹಾಕಿ ಹಿತ್ತಲಲ್ಲಿ ಹೂಳುತ್ತೇವೆ. ಬೇರೆಯವರ ಕೈಗೆ ಸಿಕ್ಕರೆ ಮಗುವಿಗೆ ಕೇಡು ಎಂದು ನನ್ನ ತಾಯಿ ಹೇಳುತ್ತಿದ್ದಳು. ಮುಖಕ್ಕೆ ಹಚ್ಚುವ ಕ್ರೀಮಿಗೆ ಅದನ್ನು ಮಾರುತ್ತಾರೆಂದು ಕೊಯಮತ್ತೂರಿನ ಸಿಂಗಾನಲ್ಲೂರು ಬಸ್ಸಿನಲ್ಲಿ ಯಾರೋ ಹೇಳಿದ್ದೂ ನೆನಪಾಯಿತು. ಇನ್ನೊಬ್ಬರ ಮಾಸು ಕೇಳಲು ಬಂದವಳಿಗೆ ಅಷ್ಟು ನಗು ಯಾಕೆ?

"ಎಷ್ಟಕ್ಕೆ ಮಾರ್ತೀಯ, ಮಗಳೇ?" ಎಂದೆ.

"ಅಯ್ಯೋ ಪಾಟಿ! ಮಾರೋಕಲ್ಲ, ನೋಡೋಕೆ."

"ನೋಡೋಕೆ ಪೆಟ್ಟಿಗೆ ಯಾಕೆ? ಇಲ್ಲೇ ನೋಡು."

ಮಗ ನನ್ನ ಸೆರಗು ಎಳೆದ. "ಅಮ್ಮಾ, ಸುಮ್ನಿರು, ಮಾನ ಹೋಗುತ್ತೆ."

"ನಿನ್ನ ಮಾನ ಆಮೇಲೆ ನೋಡೋಣ!" ಎಂದೆ. ಇವನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದೇ ಅನಿಸಿತು.

ಸೊಸೆಯ ಹತ್ತಿರ ಹೋದೆ. ಸುಸ್ತಾಗಿ ಮಲಗಿದ್ದಳು. "ಹೌದತ್ತೆ, ನಾನೇ ಸೈನ್ ಹಾಕಿದೆ. ಆ ಎರಡು ಯಾಕೆ ಉಳೀಲಿಲ್ಲ ಅಂತ ಒಬ್ರೂ ಹೇಳಲಿಲ್ಲ. ಇವರಾದ್ರೂ ಹುಡುಕಲಿ," ಎಂದಳು.

ಆದರೂ ನನ್ನ ಸಂಶಯ ಹೋಗಲಿಲ್ಲ. ನನ್ನ ಕಣ್ಣೆದುರೇ ಕತ್ತರಿಸಬೇಕು, ಉಳಿದದ್ದನ್ನು ನಮಗೇ ಕೊಡಬೇಕು, ಅದರಲ್ಲಿ ಏನು ಕಂಡಿತೆಂದು ನನಗೂ ತೋರಿಸಬೇಕು ಎಂದೆ. ಹುಡುಗಿ ತಕ್ಷಣ ಒಪ್ಪಿದಳು. ಅಷ್ಟು ಬೇಗ ಒಪ್ಪಿದ್ದೂ ನನಗೆ ಅನುಮಾನವೇ. ಅವಳು ಉಗುರಿನಷ್ಟು ಚೂರು ಕತ್ತರಿಸಿ ಮುಗಿಸುವವರೆಗೂ ಅವಳ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ. ಉಳಿದದ್ದನ್ನು ಮನೆಗೆ ತಂದು ನಾನೇ ಹೂತೆ.

ಕೆಲವು ತಿಂಗಳಾದ ಮೇಲೆ ಮಗುವಿಗೆ ಸೂಜಿ ಹಾಕಿಸಲು ಹೋದಾಗ, ಮಗುವನ್ನು ಎತ್ತಿಕೊಂಡು ಅದೇ ಆಸ್ಪತ್ರೆಯಲ್ಲಿದ್ದ ಆ ಹುಡುಗಿಯ ಲ್ಯಾಬಿನ ಬಾಗಿಲಲ್ಲಿ ನಿಂತೆ. "ಎಲ್ಲಿ, ತೋರಿಸು."

ಕಂಪ್ಯೂಟರಿನ ತುಂಬ ಬಣ್ಣದ ಚುಕ್ಕೆಗಳಿದ್ದವು. ಆ ಚೂರನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ ತೆಗೆದ ಚಿತ್ರವಂತೆ. ಒಂದೊಂದು ಚುಕ್ಕೆಯೂ ಒಂದೊಂದು ಜೀವಕೋಶವಂತೆ.

"ಮುಂಚೆ ಎಲ್ಲಾ ಅರೆದು ನೋಡ್ತಿದ್ವಿ ಪಾಟಿ. ಚಟ್ನಿಯಲ್ಲಿ ಏನೇನಿದೆ ಅಂತ ಗೊತ್ತಾಗುತ್ತೆ, ಯಾವುದು ಎಲ್ಲಿತ್ತು ಅಂತ ಗೊತ್ತಾಗಲ್ಲ. ಈಗ ಅರೆಯದೆ, ಇದ್ದ ಜಾಗದಲ್ಲೇ ಗುರುತು ಹಾಕ್ತೀವಿ. ನೀಲಿ ಮಗುವಿನವು, ಕೆಂಪು ತಾಯಿಯವು."

ನೀಲಿ ಚುಕ್ಕೆಗಳು ಕೆಂಪಿನ ನಡುವೆ ನುಗ್ಗಿ ಕೂತಿದ್ದವು. "ತಾಯಿಯವು ಇವನ್ನ ಓಡಿಸಲ್ವಾ?" ಎಂದು ಕೇಳಿದೆ.

"ಯಾಕೆ ಓಡಿಸಲ್ಲ ಅಂತಾನೇ ಪೂರ್ತಿ ಗೊತ್ತಿಲ್ಲ. ಯಾವುದರ ಪಕ್ಕ ಯಾವುದು ಕೂತಿದೆ ಅಂತ ಅದಕ್ಕೇ ನೋಡ್ತಿರೋದು."

"ಹಾಗಾದ್ರೆ ನಮ್ಮ ಮೊದಲಿನ ಎರಡು?"

ಅವಳು ಈ ಸಲ ನಗಲಿಲ್ಲ. "ಗೊತ್ತಿಲ್ಲ ಪಾಟಿ. ಅವುಗಳ ಚೂರು ಯಾರೂ ಇಟ್ಟಿಲ್ಲ. ಇಟ್ಟಿದ್ರೂ ಹೇಳೋಕೆ ಆಗ್ತಿತ್ತೋ ಇಲ್ವೋ."

ಆ ಎರಡಕ್ಕೆ ದೃಷ್ಟಿ ಎಂದವರಿದ್ದರು, ಜಾತಕ ಎಂದವರಿದ್ದರು, ಸೊಸೆಯ ಕಾಲ್ಗುಣ ಎಂದವರೂ ಇದ್ದರು. ಗೊತ್ತಿಲ್ಲ ಎಂದವಳು ಇವಳೊಬ್ಬಳೇ. ಅಷ್ಟು ದಿನ ಹಿಡಿದಿಟ್ಟಿದ್ದ ಸಂಶಯ ಅಲ್ಲಿ ಸಡಿಲವಾಯಿತು. ಮೊಮ್ಮಗನನ್ನು ಅವಳ ಕೈಗೆ ಕೊಟ್ಟೆ. ಅವನು ಅವಳ ಕನ್ನಡಕ ಕಿತ್ತ.

ಮೊನ್ನೆ ನಮ್ಮ ಬೀದಿಯ ಒಬ್ಬಾಕೆ ಬಂದಿದ್ದಳು. ಅವಳ ಮಗಳಿಗೆ ಒಂದು ಹೋಗಿ, ಈಗ ಮತ್ತೆ ತುಂಬು ತಿಂಗಳು. ಮಗಳನ್ನೂ ಆಸ್ಪತ್ರೆಯಲ್ಲಿ ಮಾಸಿನ ಚೂರು ಕೇಳಿದ್ದಾರಂತೆ. "ಏನಕ್ಕಾ ಮಾಡ್ಲಿ?" ಎಂದಳು.

"ಕೊಡು," ಎಂದೆ. "ಆದ್ರೆ ಕತ್ತರಿಸುವಾಗ ಪಕ್ಕದಲ್ಲೇ ನಿಂತ್ಕೋ."