ಕೆಂಚವೀರಪ್ಪನವರ ಆದಾಯ ಪ್ರಮಾಣಪತ್ರ

ಕೆಂಚವೀರಪ್ಪನವರಿಗೆ ಎರಡು ಊರಲ್ಲಿ ಎರಡು ಆಸ್ತಿ. ದಾವಣಗೆರೆಯವರ ಮುಂದೆ ಹರಿಹರದಲ್ಲಿ ಬಟ್ಟೆ ಅಂಗಡಿ. ಹರಿಹರದವರ ಮುಂದೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಸ್ವಂತ ಮನೆ. ಮನೆಯ ವಿಷಯ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದು ನನ್ನದು. ಹಿಂಭಾಗದ ಎರಡು ಕೋಣೆಯಲ್ಲಿ ಅವರು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದಾರೆ. ಅಂಗಡಿಯನ್ನು ಮಾತ್ರ ನಾನೂ ನಂಬಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ ದಿನಾ ಬಸ್ ಹತ್ತುವ ಮನುಷ್ಯನನ್ನು ನಂಬದೆ ಇನ್ಯಾರನ್ನು ನಂಬುವುದು?

ಮಗಳು ಅಂಕಿತಾ ಬಿ.ಎಸ್ಸಿ. ಎರಡನೇ ವರ್ಷ, ಜಾಣೆ. ಅಪ್ಪನ ಬಾಯಿಯ ಮೇಲೆ ನಂಬಿಕೆಯಿಲ್ಲದ ಕಾರಣ ಫೀಸಿಗೆ ತಾನೇ ದಾರಿ ಹುಡುಕಿದಳು. ಯಾವುದೋ ಫೌಂಡೇಶನ್ನಿನವನು ಫೋನ್ ಮಾಡಿ, ಎರಡು ಸಾವಿರ ಕಟ್ಟಿದರೆ ಐವತ್ತು ಸಾವಿರದ ಸ್ಕಾಲರ್‌ಶಿಪ್ ಗ್ಯಾರಂಟಿ ಎಂದ. ಕೆಂಚವೀರಪ್ಪ ಕಟ್ಟಲು ಸಿದ್ಧರಾದರು. ಹೆಸರು ದೊಡ್ಡದಾಗಿ ಕೇಳಿಸಿತ್ತಲ್ಲ!

"ಕೊಡೋರು ಮೊದ್ಲು ನಮ್ಮತ್ರ ಇಸ್ಕೊಂತಾರೇನ್ರಿ ಅಪ್ಪಾಜಿ?" ಎಂದು ಅಂಕಿತಾ ಫೋನಿಟ್ಟಳು. ಸರ್ಕಾರದ ಪೋರ್ಟಲ್‌ನಲ್ಲೇ ಅರ್ಜಿ ತುಂಬಿದಳು. ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಎಲ್ಲ ಸರಿ. ಆದಾಯ ಪ್ರಮಾಣಪತ್ರವೊಂದು ಬಾಕಿ. ಸ್ಕಾಲರ್‌ಶಿಪ್ ಸಿಗದಿದ್ದರೆ ಈ ವರ್ಷವೇ ಕಾಲೇಜು ಬಿಡಬೇಕು ಎಂದು ನನ್ನ ಮುಂದೆ ಅತ್ತಿದ್ದಳು.

ಆದಾಯದ ವಿಚಾರಣೆಗೆ ಗ್ರಾಮ ಆಡಳಿತಾಧಿಕಾರಿ ಭರಮಣ್ಣ ಮನೆಗೆ ಬಂದಾಗ ಅವಳು ಕಾಲೇಜಿನಲ್ಲಿದ್ದಳು. ಕೆಂಚವೀರಪ್ಪ ಏನು ಮಾಡಿದರು? ನನ್ನ ಮನೆಯಿಂದ ಎರಡು ಒಳ್ಳೆಯ ಕುರ್ಚಿ ತಂದು ಹಾಕಿದರು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು.

"ಕೂಡ್ರಿ ಸಾಹೇಬ್ರ. ಹರಿಹರದಾಗೆ ನಮ್ದೊಂದು ಅಂಗಡಿ ಐತೆ, ಬಾತಿ ಹತ್ರ ಎರಡೆಕರೆ ತ್ವಾಟ ಐತೆ. ದೇವ್ರು ಕೊಟ್ಟಾನೆ."

ಭರಮಣ್ಣ ಬಜ್ಜಿ ತಿನ್ನುತ್ತಾ ಎಲ್ಲವನ್ನೂ ಬರೆದುಕೊಂಡರು. ಪಾಪ, ಅವರ ತಪ್ಪೇನು? ಎಲ್ಲರೂ ಇದ್ದದ್ದನ್ನು ಮುಚ್ಚಿಡುವಾಗ ಇಲ್ಲದ್ದನ್ನು ಬರೆಸಿದ ಮಹಾನುಭಾವ ಇವರೊಬ್ಬರೇ ಇರಬೇಕು. ಪ್ರಮಾಣಪತ್ರ ಬಂತು: ವಾರ್ಷಿಕ ಆದಾಯ ಒಂಬತ್ತು ಲಕ್ಷ!

"ಅವ್ರು ಯಾಕ ಬಂದಿದ್ರು ಅಂತ ಗೊತ್ತಿತ್ತಲ್ರಿ!" ಎಂದು ಹೆಂಡತಿ ನಿರ್ಮಲಮ್ಮ ಹಣೆ ಚಚ್ಚಿಕೊಂಡರು.

"ಮನಿಗೆ ಬಂದೋರ ಮುಂದೆ ನಮ್ಗೇನೂ ಇಲ್ಲ ಅಂತ ಹೆಂಗೆ ಹೇಳ್ಲಿ?" ಎಂದರು ಕೆಂಚವೀರಪ್ಪ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಅಂಕಿತಾ ಹೋಗಿ ವಿಚಾರಿಸಿದಾಗ, ಅಪ್ಪನ ಸಂಬಳದ ಪತ್ರ ತಂದರೆ ತಿದ್ದಿಕೊಡುತ್ತೇವೆ ಎಂದರು ತಾಲ್ಲೂಕು ಕಚೇರಿಯವರು. ಅಂಗಡಿ ಮಾಲೀಕರಿಗೆ ಎಂಥ ಸಂಬಳ ಎಂದು ನಾನು ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು. ಅರ್ಜಿಗೆ ಎರಡೇ ವಾರ ಉಳಿದಿತ್ತು. ಅದರಲ್ಲಿ ಒಂದು ವಾರವನ್ನು ಅಪ್ಪ "ಮಾಲೀಕ್ರು ಊರಾಗಿಲ್ಲ" ಎಂದು ಕಳೆದರು. ಕೊನೆಗೆ ಅಂಕಿತಾ ನನ್ನನ್ನು ಜೊತೆಗೆ ಕರೆದುಕೊಂಡು ಹರಿಹರದ ಬಸ್ ಹತ್ತಿದಳು.

ಮಾಲೀಕ ಗಲ್ಲಾದ ಮೇಲೇ ಇದ್ದ. ಬಸವಕಿರಣ್, ಇನ್ನೂ ಮೂವತ್ತಾಗದ ಹುಡುಗ. ಕೆಂಚವೀರಪ್ಪ ಗಾದಿಯ ಮೇಲೆ ಕುಳಿತು, ಗಿರಾಕಿ ಬೇಡವೆಂದು ಬಿಟ್ಟುಹೋದ ಸೀರೆ ಮಡಚುತ್ತಿದ್ದರು. ನನ್ನನ್ನು ಕಂಡು ಮುಖ ಬಿಳಿಚಿತು. ಬಸವಕಿರಣ್ ಪತ್ರ ಬರೆದು ಗಟ್ಟಿಯಾಗಿ ಓದಿದ: ಸೇಲ್ಸ್‌ಮನ್, ತಿಂಗಳಿಗೆ ಹದಿಮೂರು ಸಾವಿರ.

"ಸ್ವಂತ ಮನಿ ವಿಳಾಸ ಹೇಳ್ರಿ ಕೆಂಚಣ್ಣ."

"ಬಾಡ್ಗಿ ಮನಿ ಸರ್. ಓನರ್ ಇವ್ರೇ," ಎಂದು ಅಂಕಿತಾ ನನ್ನತ್ತ ಕೈ ತೋರಿಸಿದಳು.

ಎರಡೂ ಊರಿನ ಆಸ್ತಿ ಅರ್ಧ ಹಾಳೆಯಲ್ಲಿ ಮುಗಿಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಪತ್ರದಿಂದಲೇ ಪ್ರಮಾಣಪತ್ರ ತಿದ್ದುಪಡಿಯಾಗಿ, ಅರ್ಜಿ ಗಡುವಿನೊಳಗೆ ಹೋಗಿ, ಸ್ಕಾಲರ್‌ಶಿಪ್ ಮಂಜೂರಾಯಿತು. ಆದರೆ ನನ್ನ ಖುಷಿ ಅಂಗಡಿಯಲ್ಲೇ ಇಳಿದುಹೋಗಿತ್ತು. ಅಂಕಿತಾ ಪತ್ರವನ್ನು ಬ್ಯಾಗಿಗಿಟ್ಟು, ತಲೆ ಎತ್ತದ ಅಪ್ಪನ ಪಕ್ಕ ಕುಳಿತಳು.

"ಹದಿಮೂರು ಸಾವಿರದಾಗೆ ಬಾಡ್ಗಿ ಕಟ್ಟಿ, ನನ್ನ ಇಲ್ಲೀತನ ಓದ್ಸೀರಿ ಅಪ್ಪಾಜಿ. ಜಂಬ ಕೊಚ್ಕೊಳ್ಳೋದಾದ್ರೆ ಇದನ್ನ ಕೊಚ್ಕೊಬೇಕಿತ್ತು. ಇದೊಂದನ್ನ ಯಾರಿಗೂ ಹೇಳ್ಲಿಲ್ಲ ನೀವು."