ನಡುವೆ ಹಾಕಿದ ಎರಡನೆಯ ಕಾರ್ಡು

ಅಂದು ಮಧ್ಯಾಹ್ನ ಲೈನ್ ಹೋಗಿರಲಿಲ್ಲ, ನಸ್ರೀನ್. ರಸ್ತೆಯಲ್ಲಿ ಯಾರೂ ಕೇಬಲ್ ಕಡಿದಿರಲಿಲ್ಲ. ನಿನ್ನ ಇಂಟರ್‌ವ್ಯೂ ನಡುವೆ ನೆಟ್ ನಿಲ್ಲಿಸಿದವನು ನಾನು — ಗೋಡೆಯ ಈಚೆ ಕೂತು, ಸ್ಕ್ರೂಡ್ರೈವರ್ ಹಿಡಿದು. ನಿಲ್ಲಿಸುವಾಗ ನನಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ಗೊತ್ತಾದ ಮೇಲೂ… ಆ ‘ಮೇಲೂ’ ಇಷ್ಟು ವರ್ಷ ಹೇಳದೇ ಉಳಿದಿದೆ.

ನಾನು ಚಿಂತೆಯ ಮನುಷ್ಯ. ಆಳಂದದ ನಮ್ಮ ಓಣಿಗೆಲ್ಲ ಇದು ಗೊತ್ತು. ನಿಂಬರ್ಗಾದ ಶಾಲೆಗೆ ಗಣಿತ ಕಲಿಸಲು ಹೊರಟವನು ಬಸ್ ಸ್ಟ್ಯಾಂಡಿನಿಂದ ಮರಳಿ ಬಂದು, ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡುತ್ತೇನೆ. “ಗ್ಯಾಸ್ ಬಂದ್ ಅದರಿ, ನಿಮ್ಮ ತಲೀನೇ ಚಾಲೂ ಅದ” ಎನ್ನುತ್ತಾಳೆ ಹೆಂಡತಿ ಮಹಾದೇವಿ.

ನಾನು ಅಂದು ಬಿಚ್ಚಿಕೊಂಡು ಕೂತಿದ್ದ ಆ ಯಂತ್ರ ಹುಟ್ಟಿದ್ದೂ ಚಿಂತೆಯಿಂದಲೇ. ಒಮ್ಮೆ ಫೋನ್ ಕಳೆದು ಅದರೊಂದಿಗೆ ಮನೆಯ ಫೋಟೋಗಳೆಲ್ಲ ಹೋದವು. ಆಮೇಲೆ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ದೇವರ ಜಗಲಿಯ ಕೆಳಗೆ ಸರ್ವರ್ ಎಂದು ಕೂರಿಸಿದೆ. ಉಳಿದ ಫೋಟೋ, ಪ್ರಶ್ನೆಪತ್ರಿಕೆ, ತೀರಿಕೊಂಡ ಅವ್ವನ ದನಿ — ಎಲ್ಲ ಅದರ ಹೊಟ್ಟೆಯಲ್ಲಿ. ನೆಟ್ಟಿನ ದಾರಿಯನ್ನೂ ಅದರ ಕೈಗೇ ಕೊಟ್ಟೆ. ಯಾವ ಫೋನಾದರೂ ಮೊದಲು ಅದನ್ನು ಕೇಳಿಯೇ ಹೊರಗೆ ಹೋಗಬೇಕು, ಮನೆಯ ಹಿರಿಯನನ್ನು ಕೇಳಿದ ಹಾಗೆ. ನೀನೂ ನಿನ್ನ ಗಂಡ ಇಲಿಯಾಸನೂ ಪಕ್ಕದ ಮನೆಗೆ ಬಂದಾಗ ಗೋಡೆಯ ಮೇಲಿಂದ ನಿಮಗೊಂದು ವೈರು ಎಸೆದವನೂ ನಾನೇ. ಅದೇ ಗೋಡೆಯ ಮೇಲಿಂದ ಕರಿಬೇವು ಆಚೆ ಹೋಗುತ್ತಿತ್ತು, ಬಗಾರಾ ಅನ್ನ ಈಚೆ ಬರುತ್ತಿತ್ತು.

ಒಂದು ದಿನ ಶಾಲೆಯಲ್ಲಿ ಜೊತೆಯ ಮಾಸ್ತರರೊಬ್ಬರು ಚಹಾ ಕುಡಿಯುತ್ತಾ ಅಂದರು: “ಬ್ಯಾರೇ ಮಂದಿಗಿ ಲೈನ್ ಕೊಟ್ಟೀರಂತಲ್ರಿ? ನಾಳಿ ಏನರ ಹೆಚ್ಚುಕಡಿಮಿ ಆದ್ರ ಪೊಲೀಸರು ಯಾರ ಬಾಗಲಿಗಿ ಬರ್ತಾರ?”

ನಕ್ಕುಬಿಟ್ಟೆ. ಬಸ್ಸು ಆಳಂದ ಮುಟ್ಟುವಷ್ಟರಲ್ಲಿ ಆ ನಗು ಇಳಿದುಹೋಗಿತ್ತು. ಬೇರೆಯವರ ಭಯವನ್ನು ತಂದು ಸಾಕುವುದರಲ್ಲಿ ನನ್ನಷ್ಟು ಧಾರಾಳಿ ಇಲ್ಲ. ನಿಮ್ಮ ಫೋನುಗಳು ನನ್ನ ಯಂತ್ರದೊಳಗೆ ಹೊಕ್ಕರೆ — ಯಾಕೆ ಹೊಗುತ್ತವೆ? — ಹೊಕ್ಕರೆ? ಹೀಗೇ ನಾಲ್ಕಾರು ದಿನ ಬೆಂದು, ಕಲಬುರಗಿಯಿಂದ ಎರಡನೆಯ ನೆಟ್‌ವರ್ಕ್ ಕಾರ್ಡು ತಂದೆ. ನೆಟ್ಟಿನ ವೈರು ಸಿಕ್ಕಿಸುವ, ಅಂಗೈಯಗಲದ ಹಸಿರು ಹಲಗೆ. ಹಳೆಯ ಕಾರ್ಡು ನಮ್ಮ ಮನೆಗೆ, ಹೊಸದು ನಿಮ್ಮ ಕಡೆ ಹೋಗುವ ತಂತಿಗೆ. ನಡುವೆ ದಾಟುವಂತಿಲ್ಲ.

ಇದೇನು ದೊಡ್ಡ ಪಾಪವಲ್ಲ, ತಿಳಿದವರು ಮಾಡುವ ಕೆಲಸವೇ. ಆದರೆ ಹೇಳಿ ಮಾಡಲಿಲ್ಲ. ಹೇಳಿದರೆ, ಇಷ್ಟು ದಿನ ಇಲ್ಲದ್ದು ಈಗ ಯಾಕೆ ಎಂದು ನೀನು ಕೇಳುತ್ತಿದ್ದೆ. ಅದಕ್ಕೆ ನನ್ನಲ್ಲಿದ್ದ ಉತ್ತರ… ಆ ಎರಡು ಮಾತು. ಬ್ಯಾರೇ ಮಂದಿ.

ಅಂದು ಶಾಲೆಗೆ ರಜೆ. ಮಹಾದೇವಿ ತವರಿಗೆ, ಇಜೇರಿಗೆ ಹೋಗಿದ್ದಳು. ಫೈಲುಗಳನ್ನು ಎರಡೆರಡು ಕಡೆ ನಕಲು ಮಾಡಿದೆ, ರಬ್ಬರ್ ಚಪ್ಪಲಿ ಮೆಟ್ಟಿದೆ, ಉಂಗುರ ತೆಗೆದಿಟ್ಟೆ, ಊದಿನಕಡ್ಡಿಯನ್ನೂ ಹಚ್ಚಿದೆ. ಗೋಡೆಯಾಚೆ ಇಣುಕಿದರೆ ನಿನ್ನ ಬಾಗಿಲು ಮುಚ್ಚಿತ್ತು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಮುಚ್ಚುವವರುಂಟೇ? ಪರದೆ ಇಳಿಬಿಟ್ಟರೆ ಮುಗಿಯಿತು. ಮುಚ್ಚಿದೆಯೆಂದರೆ ಮನೆಯಲ್ಲಿ ಯಾರೂ ಇಲ್ಲ. ಹಾಗೆಂದುಕೊಂಡೆ. ಒಂದು ಸಲ ಕೂಗಿ ನೋಡಬಹುದಿತ್ತು. ಕೂಗಿದರೆ ಓಗೊಡಬಹುದಲ್ಲ ಎಂಬ ಭಯಕ್ಕೇ ಕೂಗಲಿಲ್ಲ.

ಯಂತ್ರ ಆರಿಸಿದೆ. ಕಾರ್ಡು ಕೂರಿಸಿ ಮತ್ತೆ ಚಾಲೂ ಮಾಡಿದೆ. ಫ್ಯಾನು ತಿರುಗಿತು, ನೆಟ್ ಬರಲಿಲ್ಲ. ಲಿನಕ್ಸ್ ಪ್ರತಿ ಕಾರ್ಡಿಗೂ ಅದು ಕೂತ ಜಾಗ ನೋಡಿ ಹೆಸರಿಡುತ್ತದೆ. ಹೊಸದು ಬಂದು ಜಾಗ ಸರಿದಾಡಿ, ಹಳೆಯ ಕಾರ್ಡಿನ ಹೆಸರೇ ಬದಲಾಗಿತ್ತು. ನನ್ನ ಅಪ್ಪಣೆಗಳೆಲ್ಲ ಹಳೆಯ ಹೆಸರಿನಲ್ಲಿದ್ದವು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ, ಇಲ್ಲಿ ಸೊಸೆ ಬಂದು ಅತ್ತೆಯ ಹೆಸರು ಹೋಯಿತಲ್ಲ — ಎಂದು ಒಬ್ಬನೇ ನಗುತ್ತಿದ್ದೆ.

“ಅಣ್ಣಾರ! ನೆಟ್ ಹೋಗ್ಯಾದೇನ್ರಿ?”

ಹೊಸ್ತಿಲಲ್ಲಿ ನೀನು. ಕೈಯಲ್ಲಿ ಲ್ಯಾಪ್‌ಟಾಪ್, ಕೊರಳಲ್ಲಿ ಹೆಡ್‌ಫೋನು.

“ಇಂಟರ್‌ವ್ಯೂ ನಡದಿತ್ರಿ! ಸದ್ದು ಬರಬಾರ್ದಂತ ಬಾಗಲಾ ಹಾಕ್ಕೊಂಡು ಕುಂತಿದ್ದೆ. ನಡಬರಕ ಬಂದಾತು. ಆಗಿಂದ ಹಚ್ಚಾಕತ್ತೇನಿ, ಹತ್ತವಲ್ದು!”

ಯಾವ ಇಂಟರ್‌ವ್ಯೂ ಎಂದು ಕೇಳಬೇಕಾಗಿರಲಿಲ್ಲ. ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಉರ್ದುವಿಗೆ — ಮನೆಯಲ್ಲೇ ಕೂತು ಮಾಡುವ ಅನುವಾದದ ಕೆಲಸ. ಅದಕ್ಕಾಗಿ ನೀನು ಓದುತ್ತಿದ್ದುದನ್ನು ಗೋಡೆಯ ಈಚೆಯಿಂದ ಕೇಳುತ್ತಲೇ ಇದ್ದೆ.

ಕಾರ್ಡು ಕಿತ್ತು ಮತ್ತೆ ಚಾಲೂ ಮಾಡಿದ್ದರೆ ಸಾಕಿತ್ತು. ಹಳೆಯ ಹೆಸರು ಮರಳುತ್ತಿತ್ತು, ನೆಟ್ಟೂ ಮರಳುತ್ತಿತ್ತು — ಚಹಾ ಕುದಿಯುವಷ್ಟರಲ್ಲಿ. ಆದರೆ ನೀನು ಒಳಗೆ ನೋಡುತ್ತಿದ್ದೆ. ನಿನ್ನೆದುರು ಅದನ್ನು ಕಿತ್ತರೆ, ಅದೇನೆಂದು ಹೇಳಬೇಕಾಗುತ್ತಿತ್ತು. ನಾನು ಎದ್ದು ಬಾಗಿಲ ಪರದೆ ಎಳೆದೆ. ಅಂದೆ:

“ಲೈನೇ ಹೋಗ್ಯಾದ ತಂಗಿ. ರಸ್ತೆ ಅಗ್ಯಾಕತ್ತಾರಲ್ಲ… ಕೇಬಲ್ ಕಡದಿರಬೇಕು.”

“ಯಾ ಅಲ್ಲಾ!” ಅಂದವಳೇ ನಮ್ಮ ಮಾಳಿಗೆಗೆ ಓಡಿದೆ. ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಅಲ್ಲೇ, ನೀರಿನ ಟಾಕಿಯ ಪಕ್ಕ. ನಿನ್ನ ದನಿ ನನ್ನ ನೆತ್ತಿಯ ಮೇಲೆಯೇ ಬೀಳುತ್ತಿತ್ತು. “ಹಲೋ… ಸರ್, ಈಗ ಕೇಳಾಕತ್ತದೇನ್ರಿ?… ಹೌದ್ರಿ, ಎರಡೂ ಬರ್ತಾವ್ರಿ… ಹಲೋ?… ಹಲೋ?…”

ಆಗ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಕಾರ್ಡು ಕೀಳಬಹುದಿತ್ತು. ಕೀಳಲಿಲ್ಲ. ಕಡಿದ ಕೇಬಲ್ ಇಷ್ಟು ಬೇಗ ಕೂಡಿಕೊಂಡರೆ ನನ್ನ ಸುಳ್ಳು ಬಯಲಾಗುತ್ತಿತ್ತಲ್ಲ! ಹೆಸರು ತಿದ್ದಿದೆ. ಎರಡೂ ಕಾರ್ಡು ಕಣ್ಣು ಬಿಟ್ಟವು. ಎಲ್ಲ ಸರಿಯಾಯಿತು. ಸರಿಯಾದದ್ದನ್ನು ನನ್ನ ಕೈಯಾರೆ ಆರಿಸಿ, ಸಂಜೆಯವರೆಗೆ ಬಂದ್ ಇಟ್ಟೆ. ಮಾಳಿಗೆಯ ಮೇಲೆ ದನಿ ಯಾವಾಗ ನಿಂತಿತೋ… ನಿಂತಿತು.

ಸಂಜೆ ನೀನೇ ಬಂದು ನನ್ನನ್ನು ಸಮಾಧಾನ ಮಾಡಿದೆ. “ಪಾಪ, ನೀವರ ಎಷ್ಟು ಒದ್ದಾಡಿದ್ರಿ ಅಣ್ಣಾರ. ಬೆವರು ನೋಡ್ರಿ ನಿಮ್ಮದು.”

ಇಂಟರ್‌ವ್ಯೂನವರು ಮತ್ತೆ ಕರೆಯಲಿಲ್ಲ. ನೀನು ಸೀರೆಗೆ ಫಾಲ್ ಹಚ್ಚುವ ಕೆಲಸ ಹಿಡಿದೆ. ಯಾರಾದರೂ ಆ ಮಾತು ತೆಗೆದರೆ ಹಲ್ಲಿನಿಂದ ದಾರ ಕಡಿಯುತ್ತಾ, “ನಸೀಬದಾಗ ಇರಲಿಲ್ಲ ಬಿಡ್ರಿ” ಅನ್ನುತ್ತೀ. ನಸೀಬ ಎಂದಾಗೆಲ್ಲ, ಪಕ್ಕದಲ್ಲೇ ಕೂತ ನನ್ನನ್ನೇ ಕರೆದಂತಾಗುತ್ತದೆ.

ನಿಮ್ಮ ಮನೆಯ ದೆಸೆಯಿಂದ ನಮ್ಮ ಬಾಗಿಲಿಗೆ ಪೊಲೀಸರೂ ಬರಲಿಲ್ಲ, ಇನ್ನೊಂದೂ ಬರಲಿಲ್ಲ. ಬಗಾರಾ ಅನ್ನ ಬರುತ್ತಲೇ ಇದೆ.

ಆ ಕಾರ್ಡು ಇನ್ನೂ ಜಗಲಿಯ ಕೆಳಗೆ ಮಿಣುಕುತ್ತಿದೆ. ಅದನ್ನು ತೆಗೆಯುತ್ತೇನೆ. ತೆಗೆಯಬೇಕಾದರೆ ಯಂತ್ರ ಆರಿಸಬೇಕು, ಎರಡೂ ಮನೆಯ ನೆಟ್ ನಿಲ್ಲುತ್ತದೆ. ಆದ್ದರಿಂದ ಮೊದಲು ನಿನ್ನ ಬಾಗಿಲಿಗೆ ಬರುತ್ತೇನೆ — ತೆರೆದಿರಲಿ, ಮುಚ್ಚಿರಲಿ — ಬಂದು ಅಂದು ಕೇಳದೆ ಬಿಟ್ಟದ್ದನ್ನು ಕೇಳುತ್ತೇನೆ: “ನಸ್ರೀನ್, ಸ್ವಲ್ಪ ಹೊತ್ತು ನೆಟ್ ಬಂದ್ ಮಾಡ್ತೇನಿ. ನಿನಗೇನರ ಕೆಲಸ ಅದ ಏನು?”

“ಯಾಕ್ರಿ ಅಣ್ಣಾರ, ಏನಾಗ್ಯಾದ?” ಎಂದು ನೀನು ಕೇಳುತ್ತೀ.

ಈ ಸಲ ಪರದೆ ಎಳೆಯುವುದಿಲ್ಲ.